ಕೊರಲೆಗೊಂದು ಗಿರಣಿ: ಶಿರಾ ಸೀಮೆಯ ರೈತರ ಕಂಪನಿಯ ಸೇವೆ ಹೇಗಿದೆ?

ಸಿರಿಧಾನ್ಯ ಕೊಳ್ಳುವವರು ಬೆಲೆ ನೋಡುತ್ತಾರೆ. ಪ್ಯಾಕೆಟ್ ಮೇಲೆ ಸಾವಯವ ಅಂತ ಬರೆದಿದೆಯಾ ನೋಡುತ್ತಾರೆ. ಹೊಟ್ಟು ಬಿಡಿಸಿದ್ದು ಎಲ್ಲಿ, ಯಾವಾಗ, ಎಷ್ಟು ಸಲ ಮಿಷನ್‌ಗೆ ಹಾಕಿದ್ದು ಅಂತ ಕೇಳುವವರು ತೀರಾ ಕಡಿಮೆ. ನನ್ನನ್ನು ಕೇಳಿದರೆ ಮೊದಲು ವಿಚಾರಿಸಬೇಕಾದದ್ದು ಇದನ್ನೇ. ಹಾಗಾಗಿ ಇಲ್ಲಿ ಒಂದು ಗಿರಣಿಯ ಬಗ್ಗೆ ಬರೆಯುತ್ತಿದ್ದೇನೆ. ಅವರ ಕೊರತೆಗಳನ್ನೂ ಹೇಳುವುದಿದೆ, ಆದ್ದರಿಂದ ಹೆಸರು ಬೇಡ. ಇಂಥ ಗಿರಣಿಗಳು ಈಗ ಬೇರೆ ಕಡೆಯೂ ಶುರುವಾಗಿವೆ. ನಿಮ್ಮ ಹತ್ತಿರದ್ದಕ್ಕೆ ಹೋದಾಗ ಏನು ನೋಡಬೇಕು ಅನ್ನುವುದಕ್ಕಾದರೂ ಇದು ಉಪಯೋಗಕ್ಕೆ ಬಂದೀತು.

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಮೆಸ್ ಇದೆ. ಕಾಲೇಜು ಹುಡುಗರು, ಒಂದಷ್ಟು ಬ್ಯಾಂಕಿನವರು, ಸಕ್ಕರೆ ಕಾಯಿಲೆಯ ಕೆಲವು ಹಿರಿಯರು ಬರುತ್ತಾರೆ. ಮುದ್ದೆ ದಿನಾ ಇರುತ್ತದೆ. ಮಂಗಳವಾರ, ಶುಕ್ರವಾರ ಅನ್ನಕ್ಕೆ ಕೊರಲೆ ಇಲ್ಲವೇ ಸಾಮೆ, ಎರಡೂ ಸಿರಿಧಾನ್ಯಗಳೇ. ನಮ್ಮ ಯಜಮಾನರ ಊರು ಶಿರಾ ಕಡೆ. ಅಲ್ಲಿ ಅತ್ತೆ ಈಗಲೂ ಹುಣಸೆ ಮರದ ಕೆಳಗಿನ ಜಾಗದಲ್ಲಿ ಕೊರಲೆ ಚೆಲ್ಲಿಸುತ್ತಾರೆ. ಆ ನೆರಳಲ್ಲಿ ಬೇರೆ ಬೆಳೆ ಕೈಗೆ ಹತ್ತುವುದಿಲ್ಲ, ಕೊರಲೆ ಬರುತ್ತದೆ. ಎರಡೂವರೆ, ಮೂರು ತಿಂಗಳಿಗೆ ಕೊಯ್ಲು. ಹುಲ್ಲು ದನಕ್ಕಾಯಿತು. ಮಳೆ ತಡವಾದ ವರ್ಷ ಹೊಲ ಬೀಳು ಬಿಡುವ ಬದಲು ಇದನ್ನು ಹಾಕಬಹುದು.

ಬೆಳೆಯುವುದು ಇಷ್ಟು ಸುಲಭ. ಅದನ್ನು ಅಕ್ಕಿ ಮಾಡುವುದೇ ಕಷ್ಟ. ರಾಗಿಗೆ ಆ ಕಷ್ಟ ಇಲ್ಲ. ಅದರ ಸಿಪ್ಪೆ ಒಕ್ಕಣೆಯಲ್ಲೇ ಉದುರುತ್ತದೆ. ತೂರಿ, ತೊಳೆದು, ಒಣಗಿಸಿ ಯಾವ ಹಿಟ್ಟಿನ ಗಿರಣಿಗೆ ಒಯ್ದರೂ ಕೆಲಸ ಮುಗಿಯಿತು. ಸಾಮೆ, ನವಣೆಯ ಹೊಟ್ಟು ಹಾಗೆ ಬಿಡುವುದಿಲ್ಲ. ಹಾರಕ, ಕೊರಲೆಯದಂತೂ ಇನ್ನೂ ಬಿಗಿ. 1960ರ ಸುಮಾರಿಗೆ ನಮ್ಮ ದೇಶದಲ್ಲಿ ಇಂಥ ಕಿರುಧಾನ್ಯಗಳು 45 ಲಕ್ಷ ಹೆಕ್ಟೇರ್‌ಗೂ ಜಾಸ್ತಿ ಜಾಗದಲ್ಲಿದ್ದವು. ಈಗ ಅದು 5 ಲಕ್ಷದ ಆಸುಪಾಸಿಗೆ ಇಳಿದಿದೆ. ನೀರಾವರಿ ಬಂತು, ರೇಷನ್ ಅಕ್ಕಿ ಬಂತು, ದುಡ್ಡಿನ ಬೆಳೆ ಬಂತು ಅಂತ ಕಾರಣ ಕೊಡುತ್ತಾರೆ. ಎಲ್ಲ ಸರಿಯೇ. ಆದರೆ ಅತ್ತೆ ಹೇಳುವ ಕಾರಣ ಬೇರೆ. "ನಾಕ್ ಸೇರು ಕೊರಲೆ ಕುಟ್ಟೋದ್ರೊಳಗೆ ತೋಳು ಬಿದ್ದೋಗ್ತಿತ್ತು ಕಣಮ್ಮ. ಸೊಸೈಟಿ ಅಕ್ಕಿ ಬಂದ್ಮೇಲೆ ಒನಕೆ ಅಟ್ಟಕ್ಕೆ ಹಾಕಿದ್ವಿ." ಒರಳಿನ ಮುಂದೆ ನಿಂತವರು ಹೆಂಗಸರು. ಆ ದುಡಿಮೆಯ ಲೆಕ್ಕವನ್ನು ಯಾರೂ ಇಡಲಿಲ್ಲ.

ಒನಕೆ ಅಟ್ಟಕ್ಕೆ ಹೋದಮೇಲೆ ಬೆಳೆದವರು ಕಾಳನ್ನು ಹಾಗೇ ವ್ಯಾಪಾರಿಗೆ ಕೊಡತೊಡಗಿದರು. ದೊಡ್ಡ ಗಿರಣಿಗಳಿರುವುದು ನಾಸಿಕ್‌ನಂಥ ದೂರದ ಊರುಗಳಲ್ಲಿ. ಕಾಳು ಲಾರಿ ಹತ್ತಿ ಅಲ್ಲಿಗೆ ಹೋಗುತ್ತದೆ, ಅಕ್ಕಿಯಾಗಿ, ಪ್ಯಾಕೆಟ್ಟಾಗಿ ನಮ್ಮ ಅಂಗಡಿಗೆ ವಾಪಸ್ ಬರುತ್ತದೆ. ಬೆಳೆದವನ ಮನೆಯಲ್ಲಿ ಮಾತ್ರ ಕೊರಲೆ ಅನ್ನ ಇಲ್ಲ. ಕೇಂದ್ರದ ಬೆಂಬಲ ಬೆಲೆಯ 22 ಬೆಳೆಗಳ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆ ಇವೆ. ಸಾಮೆ, ನವಣೆ, ಕೊರಲೆ ಇಲ್ಲ. ಹಾಗಾಗಿ ವ್ಯಾಪಾರಿ ಹೇಳಿದ್ದೇ ಬೆಲೆ.

ಈ ಗಿರಣಿ ಬಂದದ್ದು ಈ ಕೊರತೆ ತುಂಬುವುದಕ್ಕೆ. ಸುತ್ತಲಿನ ಹಳ್ಳಿಗಳ ರೈತರು ಸೇರಿ ಮಾಡಿಕೊಂಡ ಕಂಪನಿ. ತಗಡಿನ ಶೆಡ್ಡು, ಮುಂದೆ ಸಿಮೆಂಟಿನ ಕಣ, ಪಕ್ಕದಲ್ಲೊಂದು ಹೊಂಗೆ ಮರ. ನಿಮ್ಮ ಕಾಳು ತಂದರೆ ಹೊಟ್ಟು ಬಿಡಿಸಿ ಕೊಡುತ್ತಾರೆ. ಕಾಳು ಇಲ್ಲದವರಿಗೆ ತಾವೇ ಮಾಡಿದ ಅಕ್ಕಿ ಮಾರುತ್ತಾರೆ. ಹೊಟ್ಟು ಬಿಡಿಸಲು ಸಾಮೆ, ನವಣೆಗೆ ಕೆಜಿಗೆ 7 ರೂಪಾಯಿ, ಕೊರಲೆಗೆ 10. ಹತ್ತು ಕೆಜಿಗಿಂತ ಕಡಿಮೆ ಇದ್ದರೆ ಹಾಕುವುದಿಲ್ಲ. ಕ್ವಿಂಟಾಲ್ ಸಾಮೆಗೆ ನನಗೆ 60 ಕೆಜಿಗೂ ಮೇಲೆ ಅಕ್ಕಿ ಸಿಕ್ಕಿದೆ. ಕೊರಲೆಯದು 50ರ ಆಸುಪಾಸು. ಇಷ್ಟೆಲ್ಲ ಕೂಡಿ ಕಳೆದರೂ ತುಮಕೂರಿನ ಅಂಗಡಿ ಬೆಲೆಗಿಂತ ಕಡಿಮೆಯೇ ಬೀಳುತ್ತದೆ, ಅತ್ತೆಗೆ ಅವರ ಕಾಳಿನ ದುಡ್ಡು ಕೊಟ್ಟಮೇಲೂ.

ನನಗೆ ತುಂಬಾ ಹಿಡಿಸಿದ್ದು ಮಿಷನ್ ನೋಡಿಕೊಳ್ಳುವ ಹುಡುಗನ ಕೆಲಸ. ಚೀಲ ಬಿಚ್ಚಿದ ತಕ್ಷಣ ಹಾಕಿಬಿಡುವುದಿಲ್ಲ. ಒಳಗೆ ಮೊಣಕೈವರೆಗೆ ಕೈ ಬಿಟ್ಟು ತಳದ ಕಾಳು ತೆಗೆಯುತ್ತಾನೆ. ನಾಲ್ಕು ಕಾಳು ಬಾಯಿಗೆ ಹಾಕಿ ಮುಂದಲ್ಲಲ್ಲಿ ಕಡಿಯುತ್ತಾನೆ. ಕಟ್ ಅಂತ ಸದ್ದು ಬಂದರೆ ತೂಕಕ್ಕೆ. ಮೆತ್ತಗಿದ್ದರೆ, "ಅಕ್ಕ, ಇನ್ನೊಂದು ಬಿಸಿಲು ಆಗ್ಬೇಕು" ಅಂತ ಕಣಕ್ಕೆ ಸುರಿಸುತ್ತಾನೆ. ಹಸಿ ಇದ್ದರೆ ಹೊಟ್ಟು ಬಿಡುವುದಿಲ್ಲ, ತೀರಾ ಒಣಗಿದ್ದರೆ ಅಕ್ಕಿ ನುಚ್ಚಾಗುತ್ತದೆ. ಅವನ ಹಲ್ಲಿಗೆ ಅದರ ಅಂದಾಜು ಚೆನ್ನಾಗಿ ಸಿಕ್ಕಿದೆ.

ಮೊದಲು ಜರಡಿ, ಆಮೇಲೆ ಕಲ್ಲು ತೆಗೆಯುವ ಡಿಸ್ಟೋನರ್, ಆಮೇಲೆ ಹೊಟ್ಟು ಬಿಡಿಸುವ ಹಲ್ಲರ್. ಒಳಗೆ ಜೋರಾಗಿ ತಿರುಗುವ ಚಕ್ರ ಕಾಳನ್ನು ಸುತ್ತಲಿನ ಗೋಡೆಗೆ ಎಸೆಯುತ್ತದೆ, ಆ ಪೆಟ್ಟಿಗೆ ಹೊಟ್ಟು ಸೀಳುತ್ತದೆ. ಬ್ಲೋಯರ್ ಹೊಟ್ಟನ್ನು ಹಿಂದಕ್ಕೆ ಹಾರಿಸುತ್ತದೆ. ಒಂದು ಸುತ್ತಿಗೆ ಎಲ್ಲ ಕಾಳೂ ಬಿಡುವುದಿಲ್ಲ, ಮತ್ತೆ ಹಾಕಬೇಕು.

ಇಲ್ಲಿಯೇ ನಿಜವಾದ ಪ್ರಶ್ನೆ ಬರುತ್ತದೆ. "ಎರಡು ಸುತ್ತು ಹಾಕ್ಲಾ ಅಕ್ಕ, ಮೂರು ಹಾಕ್ಲಾ? ಮೂರಾದ್ರೆ ಬೆಳ್ಳಗೆ ಬರುತ್ತೆ." ನಾನು ಎರಡೇ ಸಾಕು ಕಣಪ್ಪ ಅನ್ನುತ್ತೇನೆ. ಹೊಟ್ಟು ಹೋದಮೇಲೂ ಉಜ್ಜುತ್ತಾ ಹೋದರೆ ತೌಡು ಹೋಗುತ್ತದೆ. ನಾರು, ಖನಿಜಾಂಶ, ಬಿ ವಿಟಮಿನ್ ಜಾಸ್ತಿ ಇರುವುದು ಆ ಪದರದಲ್ಲೇ. ಹೈದರಾಬಾದಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಮುಂದೆ ನಿಂತು 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2021ರಲ್ಲಿ ವರದಿ ಮಾಡಿದ್ದರು: ಸಿರಿಧಾನ್ಯ ತಿಂದ ಮಧುಮೇಹಿಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸರಾಸರಿ ಶೇ 12ರಷ್ಟು ಇಳಿದಿತ್ತು. ನಮ್ಮ ಮೆಸ್ಸಿಗೆ ಬರುವ ಹಿರಿಯರು ಇದನ್ನು ಎಲ್ಲೋ ಓದಿಕೊಂಡೇ ಬರುತ್ತಾರೆ. ಅವರಿಗೆ ನಾನು ತೌಡು ತೆಗೆದ ಬಿಳಿ ಸಾಮೆ ಬಡಿಸಿ ಸಿರಿಧಾನ್ಯ ಅಂತ ದುಡ್ಡು ತೆಗೆದುಕೊಂಡರೆ ಅದು ಸರಿಯಲ್ಲ.

ಕೊಳ್ಳುವಾಗ ಬಣ್ಣ ನೋಡಿ. ತೌಡಿರುವ ನವಣೆ ಅಕ್ಕಿ ಚೆನ್ನಾಗಿ ಹಳದಿ ಇರುತ್ತದೆ, ಪಾಲಿಶ್ ಆದದ್ದು ಸಪ್ಪೆ ಕೆನೆ ಬಣ್ಣ. ಸಾಮೆ ಸ್ವಲ್ಪ ಕಂದು ಇರಬೇಕು. ಕೊರಲೆಗೆ ತೆಳು ಹಸಿರು ಛಾಯೆ ಇರುತ್ತದೆ. ಅಂಗೈಯಲ್ಲಿ ಉಜ್ಜಿದರೆ ಸಣ್ಣಗೆ ಪುಡಿ ಹತ್ತುತ್ತದೆ, ಅದೇ ತೌಡು.

ಆದರೆ ತೌಡಿನಲ್ಲಿ ಎಣ್ಣೆ ಇದೆ. ಇಟ್ಟಷ್ಟೂ ಕಮಟು ಬರುತ್ತದೆ. ಪೇಟೆಯ ಒಂದು ದೊಡ್ಡ ಅಂಗಡಿಯಿಂದ ತಂದ ಕೊರಲೆ ಪ್ಯಾಕೆಟ್ ಒಡೆದಾಗಲೇ ಹಳೇ ಎಣ್ಣೆಯ ವಾಸನೆ ಹೊಡೆದಿತ್ತು. ಪ್ಯಾಕ್ ಮಾಡಿದ ತಾರೀಖು ಹೊಸದೇ. ಹೊಟ್ಟು ಬಿಡಿಸಿದ ತಾರೀಖು ಎಲ್ಲೂ ಇರಲಿಲ್ಲ. ಹೊಟ್ಟಿರುವ ಕಾಳಾದರೆ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ಹಗೇವಿನಲ್ಲಿ, ವಾಡೆಯಲ್ಲಿ ಇಟ್ಟು ಬರಗಾಲ ಕಳೆದದ್ದು ಹಾಗೆಯೇ ಅಲ್ವಾ? ಅಂದರೆ ಕಾಳು ಕಾಳಾಗಿಯೇ ಮನೆಯಲ್ಲಿರಬೇಕು. ತಿಂಗಳಿಗೆ ಬೇಕಾದಷ್ಟು ಮಾತ್ರ ಹೊಟ್ಟು ಬಿಡಿಸಬೇಕು. ಅದಕ್ಕೆ ಗಿರಣಿ ನಾಸಿಕ್‌ನಲ್ಲಿದ್ದರೆ ಆಗುವುದಿಲ್ಲ, ಹೋಬಳಿಯಲ್ಲಿ ಇರಬೇಕು. ಈ ಗಿರಣಿಯವರು ತಮ್ಮ ಪ್ಯಾಕೆಟ್ ಮೇಲೆ ಹೊಟ್ಟು ಬಿಡಿಸಿದ ತಾರೀಖು ಹಾಕುತ್ತಾರೆ. ಬೇರೆ ಯಾವುದಕ್ಕೆ ಇಲ್ಲದಿದ್ದರೂ ಇದೊಂದಕ್ಕೆ ಅವರಿಗೆ ಪೂರ್ತಿ ಅಂಕ.

ಇಷ್ಟು ಚಿಕ್ಕ ಮಿಷನ್ ಸುಮ್ನೆ ಬಂದದ್ದಲ್ಲ. ಒಂದು ಯೋಜನೆಯಲ್ಲಿ ಮಧುರೈನ ಸ್ವಯಂಸೇವಾ ಸಂಸ್ಥೆ ಧಾನ್ ಫೌಂಡೇಶನ್, ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿ ಹಳ್ಳಿಗೆ ಹೊಂದುವ ಹಲ್ಲರ್‌ಗಳ ಮೇಲೆ ಕೆಲಸ ಮಾಡಿದವು. ಭೋಪಾಲ್‌ನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯೂ ಒಂದು ಸಿರಿಧಾನ್ಯದ ಮಿಲ್ ಮಾಡಿದೆ. ಕಿರುಧಾನ್ಯಗಳ ಅಖಿಲ ಭಾರತ ಸಂಶೋಧನಾ ಯೋಜನೆಯ ಒಂದು ಕೇಂದ್ರ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ಇದೆ. ಗಿರಣಿ ಹಾಕುವ ಯೋಚನೆ ಇರುವವರಿಗೆ ಒಂದು ಮಾತು: ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35 ಸಹಾಯಧನ ಇತ್ತು, ಕರ್ನಾಟಕ ಅದಕ್ಕೆ ಶೇ 15 ಸೇರಿಸಿತ್ತು. ಈಗ ಹೇಗಿದೆ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯಿತು. ಮೇಳಗಳಾದವು, ಬಿಸ್ಕತ್ತು, ಕುಕೀಸ್ ಬಂದವು. ಒಳ್ಳೆಯದೇ. ಆದರೆ ನೀರಿನ ಲೆಕ್ಕ ನೋಡಿ. 2018ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಭಾರತದಲ್ಲಿ ಭತ್ತದ ಬದಲು ಮುಸುಕಿನ ಜೋಳ, ರಾಗಿ, ಸಜ್ಜೆ, ಜೋಳ ಬೆಳೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿತ್ತು. ನೀರಾವರಿಗೆ ಬೇಕಾದ ನೀರು ಶೇ 33ರವರೆಗೆ ಉಳಿಯುತ್ತದೆ ಅಂತ ಬಂತು, ಕಬ್ಬಿಣ, ಸತು ಜಾಸ್ತಿ ಸಿಗುತ್ತದೆ. ಬೋರ್‌ವೆಲ್ ಸಾವಿರ ಅಡಿ ಇಳಿದರೂ ನೀರು ಕಾಣದ ನಮ್ಮ ಸೀಮೆಯಲ್ಲಿ ಇದು ಪುಸ್ತಕದ ಮಾತಾಗಿ ಉಳಿಯಬಾರದು. ಅದಕ್ಕೆ ಬೆಳೆದವರ ಮನೆಯಲ್ಲೇ ದಿನದ ಅನ್ನವಾಗಿ ಬೇಯುವಂತಾಗಬೇಕು.

ಅಕ್ಕಿ ಬೆಂದರೆ ಹೇಗಿದೆ? ಪೂರ್ತಿ ಸಾಫ್ ಆಗಿ ಬರುವುದಿಲ್ಲ, ಹೊಟ್ಟಿನ ಕಾಳು ಅಲ್ಲಲ್ಲಿ ಉಳಿದಿರುತ್ತದೆ. ನಾವು ಮೊರದಲ್ಲಿ ಕೇರಿ, ನೀರಲ್ಲಿ ಗಾಳಿಸಿಯೇ ಹಾಕುವುದು. ಕೊರಲೆಯನ್ನು ಬೆಳಗ್ಗೆಯೇ ನೆನೆಸಿಡಬೇಕು. ಒಂದಕ್ಕೆ ಎರಡೂವರೆ ನೀರು, ಸಣ್ಣ ಉರಿ, ಆರಿಸಿದ ಮೇಲೂ ಮುಚ್ಚಳ ತೆಗೆಯದೆ ಹತ್ತು ನಿಮಿಷ. ಉದುರುದುರಾಗಿ ಬರುತ್ತದೆ, ಅಗಿಯುವಾಗ ಸ್ವಲ್ಪ ಗಟ್ಟಿ, ಸಣ್ಣಗೆ ಹಸಿ ಹುಲ್ಲಿನ ಘಮ. ಇದಕ್ಕೆ ಹುರುಳಿ ಕಾಳಿನ ಬಸ್ಸಾರು ಹಾಕಿಕೊಂಡು ನೋಡಿ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ಜಾಗಗಳ ಅಗೆತದಲ್ಲಿ ಸಿಕ್ಕ ಕರಕಲು ಕಾಳುಗಳಲ್ಲಿ ಕೊರಲೆ ಇದೆ, ಹುರುಳಿಯೂ ಇದೆ. ಸುಮಾರು 4,000 ವರ್ಷದ ಹಿಂದಿನ ಊಟ. ಇದನ್ನು ಮೆಸ್ಸಿನ ಹುಡುಗರಿಗೆ ಹೇಳಿದಾಗ ಅವರು ಇನ್ನೊಂದು ಸೌಟು ಹಾಕಿಸಿಕೊಂಡಿದ್ದನ್ನು ನೋಡಿ ನನಗೆ ತುಂಬಾ ಖುಷಿಯಾಯಿತು.

ಇನ್ನು ಸರಿಯಿಲ್ಲದ್ದು. ಶೆಡ್ಡಿನೊಳಗೆ ದೂಳು ವಿಪರೀತ. ಅಕ್ಕಿ ಆರಿಸಿ ಪ್ಯಾಕೆಟ್ ಮಾಡುವ ಹೆಂಗಸರು ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಕೂರುತ್ತಾರೆ. ಬ್ಲೋಯರ್‌ನ ಬಾಯಿಗೆ ಒಂದು ಪೈಪು ಜೋಡಿಸಿ ಹೊಟ್ಟನ್ನು ಹೊರಗಿನ ಕೋಣೆಗೆ ಬಿಟ್ಟರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಒಳ್ಳೆಯ ಮಾಸ್ಕ್ ಕೊಡಿಸುವುದಕ್ಕೆ ಎಷ್ಟು ದುಡ್ಡು ಬೇಕು? ಒರಳಿನ ಕಷ್ಟ ತಪ್ಪಿಸಲು ಬಂದ ಮಿಷನ್ ಅದೇ ಹೆಂಗಸರ ಎದೆಗೆ ದೂಳು ತುಂಬಬಾರದು. ನಾನು ಇದನ್ನು ಅವರ ಮುಂದೆಯೇ ಹೇಳಿದ್ದೇನೆ. ಮಾಡುತ್ತೇವೆ ಅಂದಿದ್ದಾರೆ, ಇನ್ನೂ ಆಗಿಲ್ಲ.

ಎರಡನೆಯದು, ಬೇರೆ ಕಾಳು ಬೆರೆಯುವುದು. ನನ್ನ ಮುಂಚೆ ನವಣೆ ಹಾಕಿದ್ದರೆ ನನ್ನ ಸಾಮೆಯಲ್ಲಿ ಹಳದಿ ಕಾಳು ಬರುತ್ತದೆ. ಮಧ್ಯೆ ಮಿಷನ್ ಖಾಲಿ ಓಡಿಸಿ ಗುಡಿಸಬೇಕು, ರಶ್ಶಿದ್ದಾಗ ಬಿಟ್ಟುಬಿಡುತ್ತಾರೆ. ಊಟಕ್ಕೆ ಪರವಾಗಿಲ್ಲ, ಮಾರುವವರಿಗೆ ಇದು ದೊಡ್ಡ ತಲೆನೋವು. ತೌಡು, ನುಚ್ಚು ಕೇಳಿದರೆ ಮಾತ್ರ ಕೊಡುತ್ತಾರೆ. ಕೇಳಿ ತೆಗೆದುಕೊಳ್ಳಿ, ನುಚ್ಚಿನಲ್ಲಿ ಒಳ್ಳೆಯ ಉಪ್ಪಿಟ್ಟಾಗುತ್ತದೆ, ತೌಡು ಹಸುವಿಗೆ.

ತ್ರೀ ಫೇಸ್ ಕರೆಂಟ್ ಇದ್ದಾಗಷ್ಟೇ ಮಿಷನ್ ಓಡುವುದು, ಆ ಹೊತ್ತು ವಾರ ವಾರಕ್ಕೂ ಬದಲಾಗುತ್ತದೆ. ಫೋನ್ ಮಾಡಿಕೊಂಡೇ ಹೊರಡಿ. ದೀಪಾವಳಿ ಆದಮೇಲೆ ಒಂದೂವರೆ ತಿಂಗಳು ಹೊಸ ಕಾಳಿನ ಸಾಲು ಇರುತ್ತದೆ, ಆಗ ಚೀಲ ಬಿಟ್ಟು ಮಾರನೇ ದಿನ ಹೋಗಿ ತರುವುದೇ ವಾಸಿ. ಚೀಲಕ್ಕೆ ನಿಮ್ಮ ಹೆಸರಿನ ಚೀಟಿ ಹೊಲಿದಿರಲಿ, ಮತ್ತು ಎಷ್ಟು ಸುತ್ತು ಅನ್ನುವುದನ್ನು ಬರೆಸಿಯೇ ಬನ್ನಿ. ನೀವು ಹೇಳದಿದ್ದರೆ ಅವರು ಮೂರು ಹಾಕುತ್ತಾರೆ.