ಮಕ್ಕಳಿಗೆ ಕೊಡುವ ಉಬ್ಬಸದ ಮಾತ್ರೆಯ ಹೆಸರು ನೋಡಿಕೊಳ್ಳಿ: ಮಾಂಟೆಲುಕಾಸ್ಟ್

ಮಗುವಿಗೆ ಉಬ್ಬಸಕ್ಕೆಂದೋ ಸೀನು, ಮೂಗು ಸೋರುವುದಕ್ಕೆಂದೋ ರಾತ್ರಿ ಹೊತ್ತು ಮಾತ್ರೆ ಕೊಡುತ್ತಿದ್ದೀರಾ? ಈಗಲೇ ಅದರ ಮೇಲಿನ ಸಣ್ಣ ಅಕ್ಷರ ಓದಿ. ಮಾಂಟೆಲುಕಾಸ್ಟ್ ಎಂದಿದ್ದರೆ ಇದನ್ನು ಪೂರ್ತಿ ಓದಿ.

ನನ್ನ ಮಗನಿಗೆ ಆರು ವರ್ಷ. ನಮ್ಮ ರಸ್ತೆಯಲ್ಲಿ ಮೆಟ್ರೊ ಕಾಮಗಾರಿಯ ಧೂಳು. ಚಳಿ ಶುರುವಾಯಿತೆಂದರೆ ಅವನ ಎದೆಯಲ್ಲಿ ಸುಂಯ್ ಎನ್ನುವ ಸದ್ದು. ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ. ಹಾಗಾಗಿ ಮಕ್ಕಳ ವೈದ್ಯರು 5 ಮಿಲಿಗ್ರಾಂನ ಅಗಿಯುವ ಮಾತ್ರೆ ಬರೆದಾಗ ನನಗೆ ಸಮಾಧಾನವೇ ಆಯಿತು. ದಿನಾ ರಾತ್ರಿ ಒಂದು, ಮೂರು ತಿಂಗಳು. ಅಡ್ಡಪರಿಣಾಮದ ಬಗ್ಗೆ ಒಂದೇ ಒಂದು ಮಾತಿಲ್ಲ. ಔಷಧಿ ಅಂಗಡಿಯವನೂ ಹತ್ತು ಮಾತ್ರೆ ಕತ್ತರಿಸಿ ಕೊಡುತ್ತಿದ್ದ, ಅಷ್ಟೇ.

ಎರಡನೇ ವಾರದಲ್ಲಿ ತೊಂದರೆ ಶುರುವಾಯಿತು. ನಡುರಾತ್ರಿ ಎದ್ದು ಕುಳಿತು, ಕಣ್ಣು ಬಿಟ್ಟುಕೊಂಡೇ, ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಕಿರುಚುತ್ತಿದ್ದ. ಗೋಡೆಯಲ್ಲಿ ಏನೂ ಇರಲಿಲ್ಲ. ಅತ್ತೆ ದೃಷ್ಟಿ ತೆಗೆದರು. ಶಾಲೆಯಿಂದ ದೂರು ಬಂತು, ಪಕ್ಕದ ಹುಡುಗನನ್ನು ಕಚ್ಚಿದ್ದಾನೆ ಎಂದು. ಒಂದು ಸಂಜೆ, "ನಾನು ಇಲ್ಲದಿದ್ದರೆ ನಿನಗೆ ಒಳ್ಳೆಯದು ಅಲ್ಲವಾ ಅಮ್ಮ?" ಎಂದು ಕೇಳಿದ. ಆರು ವರ್ಷದ ಮಗು! ಹಟ ಎಂದುಕೊಂಡು ನಾನು ಅವನಿಗೆ ಹೊಡೆದೆ. ಹೊಡೆದು, ಅದೇ ಮಾತ್ರೆ ತಿನ್ನಿಸಿ ಮಲಗಿಸಿದೆ. ಬರೆಯಲು ನಾಚಿಕೆಯಾಗುತ್ತದೆ.

ವೈದ್ಯರಿಗೆ ಹೇಳಿದರೆ, "ಮೊಬೈಲ್ ಕೊಡುವುದು ಕಡಿಮೆ ಮಾಡಿ" ಎಂದರು. ಅವನ ಕೈಗೆ ನಾವು ಮೊಬೈಲ್ ಕೊಡುವುದೇ ಇಲ್ಲ.

ಕೊನೆಗೆ ಮಾತ್ರೆಯ ಹೆಸರು ಹಾಕಿ ನಾನೇ ಹುಡುಕಿದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2020ರ ಮಾರ್ಚ್‌ನಲ್ಲೇ ಇದಕ್ಕೆ ತನ್ನ ಅತ್ಯಂತ ಗಂಭೀರ ಎಚ್ಚರಿಕೆಯನ್ನು ಹಾಕಿಸಿದೆ. ಕೆಟ್ಟ ಕನಸು, ಸಿಟ್ಟು, ಇಲ್ಲದ್ದು ಕಾಣುವುದು, ಖಿನ್ನತೆ, ಸಾಯುವ ಯೋಚನೆ, ಎಲ್ಲವೂ ಅದರಲ್ಲಿದೆ. ಬರೀ ಮೂಗಿನ ಅಲರ್ಜಿಯಾದರೆ ಬೇರೆ ಔಷಧಿ ಫಲಿಸದಿದ್ದಾಗ ಅಥವಾ ಒಗ್ಗದಿದ್ದಾಗ ಮಾತ್ರ ಕೊಡಿ ಎಂದೂ ಇದೆ. ಮೊಬೈಲ್ ಹಿಡಿದುಕೊಂಡೇ ವೈದ್ಯರ ಮುಂದೆ ಕುಳಿತೆ. ಅವರು ನೋಡಲೂ ಇಲ್ಲ. "ಗೊತ್ತು ಅಮ್ಮ. ಅದನ್ನೆಲ್ಲ ಹೇಳಿದರೆ ತಾಯಂದಿರು ಔಷಧಿ ಕೊಡುವುದೇ ಇಲ್ಲ." ಗೊತ್ತಿತ್ತು! ಗೊತ್ತಿದ್ದೂ ಮೊಬೈಲ್ ಮೇಲೆ ಹಾಕಿದ್ದರು.

ಬೇರೆ ವೈದ್ಯರು ಮಾತ್ರೆ ನಿಲ್ಲಿಸಿ ಸ್ಪೇಸರ್ (ಔಷಧಿ ಸರಿಯಾಗಿ ಒಳಗೆ ಹೋಗಲು ಇನ್ಹೇಲರ್‌ಗೆ ಸಿಕ್ಕಿಸುವ ಕೊಳವೆ) ಜೊತೆ ಇನ್ಹೇಲರ್ ಕೊಟ್ಟರು. ಹತ್ತು ದಿನದಲ್ಲಿ ನಿದ್ದೆ ಸರಿಹೋಯಿತು. ಆದರೆ ತಲೆ ಬಾಚಲು ನಾನು ಕೈ ಎತ್ತಿದರೆ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಎಷ್ಟೋ ಮಕ್ಕಳಿಗೆ ಈ ಮಾತ್ರೆ ಒಗ್ಗುತ್ತದೆ. ಉಬ್ಬಸದ ಔಷಧಿಯನ್ನು ನೀವಾಗಿಯೇ ಬದಲಿಸಬೇಡಿ. ಆದರೆ ಮಗುವಿನ ನಿದ್ದೆ, ಸ್ವಭಾವ ಬದಲಾದರೆ ತಕ್ಷಣ ವೈದ್ಯರ ಬಳಿ ಹೋಗಿ, "ಈ ಮಾತ್ರೆಯಿಂದಲೇ?" ಎಂದು ನೇರವಾಗಿ ಕೇಳಿ. ನಗುವವರಾದರೆ ಬೇರೆಯವರ ಬಳಿ ಹೋಗಿ. ಲಿವೊಸೆಟ್ರಿಜಿನ್ ಎಂಬ ಅಲರ್ಜಿ ಔಷಧಿಯ ಜೊತೆ ಬೆರೆಸಿದ ಮಾತ್ರೆ, ಸಿರಪ್‌ಗಳಲ್ಲೂ ಮಾಂಟೆಲುಕಾಸ್ಟ್ ಇರುತ್ತದೆ, ಮೇಲಿನ ದೊಡ್ಡ ಹೆಸರು ನೋಡಿ ಮೋಸಹೋಗಬೇಡಿ. ಔಷಧಿಯ ಅಡ್ಡಪರಿಣಾಮವನ್ನು ನಾವೇ ಸರ್ಕಾರದ ಸಹಾಯವಾಣಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ದಾಖಲಿಸಬಹುದು. ನಾನು ದಾಖಲಿಸಿದ್ದೇನೆ.