ಊಟ ಆದಮೇಲಿನ ಸಿಗರೇಟಿಗೆ 2 ಮಿ.ಗ್ರಾಂ ನಿಕೋಟಿನ್ ಗಮ್

“ಗಮ್ ತಿಂದ್ವಿ, ಏನೂ ಆಗ್ಲಿಲ್ಲ” ಅಂತ ನಾಲ್ಕೇ ದಿನಕ್ಕೆ ಕೈಬಿಡುವ ಹುಡುಗರು ವಿಜಯಪುರದ ಹಾಸ್ಟೆಲುಗಳಲ್ಲೂ ಇದ್ದಾರೆ, ಬೆಳಗಾವಿಯ ಬಾಡಿಗೆ ರೂಮುಗಳಲ್ಲೂ ಇದ್ದಾರೆ. ಸಿಗರೇಟು ಬಿಡುವವರು ಅದರ ಬದಲು ಜಗಿಯುವ ಈ ನಿಕೋಟಿನ್ ಗಮ್ ಒಳ್ಳೆಯದೇ. ಅದರ ಹಿಂದೆ ಮುಂದೆ ತಿನ್ನುವುದು, ಕುಡಿಯುವುದು ಅದನ್ನು ಕೆಡಿಸುತ್ತದೆ.

ಇದರ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರಬೇಕು. ಅದಕ್ಕೆ ಬಾಯಲ್ಲಿ ಕ್ಷಾರಗುಣ, ಅಂದರೆ ಹುಳಿಗೆ ವಿರುದ್ಧದ ಗುಣ, ಬೇಕು. ಖಾನಾವಳಿಯಲ್ಲಿ ರೊಟ್ಟಿ, ಎಣಗಾಯಿ ಉಂಡು, ಕೊನೆಗೆ ಒಂದು ಗ್ಲಾಸ್ ಮಜ್ಜಿಗೆ ಕುಡಿದು, ಹೊರಗೆ ಬಂದಕೂಡಲೇ ಗಮ್ ಹಾಕಿಕೊಂಡರೆ ಮಜ್ಜಿಗೆಯ ಹುಳಿ ನಿಕೋಟಿನ್ ಹೀರುವುದನ್ನು ತಡೆಯುತ್ತದೆ. ಲಿಂಬು ಸೋಡಾ, ಕೋಲಾ, ಕಾಫಿಯೂ ಹಾಗೇ. ಮಜ್ಜಿಗೆ ಊಟದ ನಡುವೆ ಕುಡಿಯಿರಿ, ಕೊನೆಗೆ ನೀರಲ್ಲಿ ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಗಮ್ ಹಾಕಿಕೊಳ್ಳಿ. ಆ 15 ನಿಮಿಷ ಪಾನ್ ಅಂಗಡಿಯ ದಿಕ್ಕಿಗೆ ಹೋಗಬೇಡಿ.

ಎರಡನೇ ತಪ್ಪು ಜಗಿಯುವುದರಲ್ಲಿ. ಬಬಲ್ ಗಮ್‌ನಂತೆ ಚಕಚಕ ಜಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ಎದೆಯುರಿ ತರುತ್ತದೆ. ಬೆಳಿಗ್ಗೆ ಬರಿ ಹೊಟ್ಟೆ, ಸಂಜೆ ಮಿರ್ಚಿ ಭಜಿ ಎನ್ನುವವರಿಗೆ ಇದು ಇನ್ನೂ ಜಾಸ್ತಿ. ಮೆಲ್ಲಗೆ ಹತ್ತು ಹದಿನೈದು ಸಲ ಜಗಿಯಿರಿ. ನಾಲಿಗೆ ಚುರುಗುಟ್ಟಿದ ತಕ್ಷಣ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಚುರುಕು ಇಳಿದಾಗ ಮತ್ತೆ ಜಗಿದು ಇನ್ನೊಂದು ಪಕ್ಕಕ್ಕಿಡಿ. ಒಂದು ಗಮ್ 30 ನಿಮಿಷ ಬರಬೇಕು.

ಎದ್ದ ಅರ್ಧ ತಾಸಿನೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 2 ಮಿ.ಗ್ರಾಂ ಸಾಲುವುದಿಲ್ಲ. 4 ಮಿ.ಗ್ರಾಂ ಬೇಕು, ಅದಕ್ಕೆ ವೈದ್ಯರ ಚೀಟಿ ಬೇಕು. ಗಮ್ ಯಾವುದೇ ಇರಲಿ, ಮೊದಲ 6 ವಾರ ತಾಸು ಎರಡು ತಾಸಿಗೊಂದು, ಆಮೇಲೆ 3 ವಾರ 2ರಿಂದ 4 ತಾಸಿಗೊಂದು, ಕೊನೆಯ 3 ವಾರ 4ರಿಂದ 8 ತಾಸಿಗೊಂದು. ಆಸೆ ಬಂದಾಗ ಮಾತ್ರ ಒಂದು ಎನ್ನುವವರು ಹೆಚ್ಚಾಗಿ ಸೋಲುತ್ತಾರೆ.

ಗಮ್ ಮಾಡಲಾರದ ಕೆಲಸವೂ ಇದೆ, ಅದು ನಾಷ್ಟಾ. ನಿಕೋಟಿನ್ ಹಸಿವು ಅಡಗಿಸುತ್ತದೆ. ಅದಕ್ಕೇ ಕಟ್ ಚಹಾ, ಸಿಗರೇಟಿನಲ್ಲೇ ಮಧ್ಯಾಹ್ನದವರೆಗೆ ತಳ್ಳುವ ಹುಡುಗರಿದ್ದಾರೆ. ಬಿಟ್ಟ ಮೇಲೆ ಹಸಿವು ವಾಪಸು ಬರುತ್ತದೆ. ಅದನ್ನೇ ಸಿಗರೇಟಿನ ಆಸೆ ಎಂದು ತಿಳಿದು ಮತ್ತೆ ಹಚ್ಚುತ್ತಾರೆ. ಕ್ಲಾಸಿಗೆ ಹೋಗುವ ಮುಂಚೆ ಉಪ್ಪಿಟ್ಟೋ ಅವಲಕ್ಕಿಯೋ ತಿನ್ನಲೇಬೇಕು. ಹಾಲು, ಹಣ್ಣು, ತರಕಾರಿ ತಿಂದ ಮೇಲೆ ಸಿಗರೇಟಿನ ರುಚಿ ಕೆಡುತ್ತದೆ, ಕಾಫಿ, ಮದ್ಯ, ಮಾಂಸದ ಮೇಲೆ ಹೆಚ್ಚು ಹಿಡಿಸುತ್ತದೆ ಎಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ 2007ರ ಅಧ್ಯಯನದಲ್ಲಿ ಸೇದುವವರೇ ಹೇಳಿದ್ದರು. ನಮ್ಮ ಕಡೆಯ ಊಟದಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯ ಪಲ್ಯ ತಾಟಿನಲ್ಲೇ ಇರುತ್ತವೆ. ಬದಿಗೆ ಸರಿಸದೆ ತಿನ್ನಿ.

ಚಹಾ ಅರ್ಧಕ್ಕಿಳಿಸಿ. ಹೊಗೆಯಲ್ಲಿನ ಟಾರ್ ಎಂಬ ಜಿಡ್ಡು ಚಹಾದಲ್ಲಿನ ಕೆಫೀನನ್ನು ಬೇಗ ಕರಗಿಸುವಂತೆ ಯಕೃತ್ತನ್ನು ಓಡಿಸುತ್ತಿರುತ್ತದೆ. ಹೊಗೆ ನಿಂತರೆ ಅದೇ ಐದು ಕಪ್ ಚಹಾ ಹೆಚ್ಚು ಹೊತ್ತು ರಕ್ತದಲ್ಲಿ ನಿಲ್ಲುತ್ತದೆ. ಕೈನಡುಕ, ನಿದ್ದೆಗೇಡು ಬಂದು ಹುಡುಗರು ಗಮ್ ಮೇಲೆ ತಪ್ಪು ಹೊರಿಸುತ್ತಾರೆ.

ಸಿಗರೇಟು ಸೇದದವರು ಈ ಗಮ್ ಅನ್ನು ರುಚಿ ನೋಡಲೂ ತಿನ್ನಬಾರದು. ಗಮ್‌ನ ಒಂದೊಂದೇ ಸ್ಟ್ರಿಪ್ ಕೊಳ್ಳುವುದಾದರೆ ಮೆಡಿಕಲ್ ಅಂಗಡಿಯಲ್ಲೇ ಅವಧಿ ನೋಡಿ ಕೊಳ್ಳಿ. ಸಲಹೆ ಬೇಕಾದರೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356, ಕರೆಗೆ ದುಡ್ಡಿಲ್ಲ.