ಎನ್‌ಟಿಟಿ, ಇಗ್ನೊ, ಮಾಂಟೆಸ್ಸರಿ: ಪುಟ್ಟ ಮಕ್ಕಳ ಟೀಚರಿಗೆ ಯಾವುದು?

ಎಲ್‌ಕೆಜಿ ಟೀಚರ್ ಆಗೋಕೆ ಏನು ಓದಬೇಕು ಅಂತ ತುಮಕೂರಿನಲ್ಲಿ ಯಾರನ್ನೇ ಕೇಳಿ, ‘ಎನ್‌ಟಿಟಿ (ನರ್ಸರಿ ಟೀಚರ್ ಟ್ರೈನಿಂಗ್) ಮಾಡಿಬಿಡು’ ಅನ್ನುತ್ತಾರೆ. ನಾನೂ ಅಲ್ಲಿಂದಲೇ ಶುರು ಮಾಡಿದವಳು. ಆಮೇಲೆ ದೂರಶಿಕ್ಷಣದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೊದ ಡಿಪ್ಲೊಮಾ ಮಾಡಿದೆ. ಅದಾದ ಮೇಲೆ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿಕೊಂಡು, ಮಕ್ಕಳು ಸಾಮಗ್ರಿ ಹಿಡಿದು ತಾವೇ ಕಲಿಯುವ ಮಾಂಟೆಸ್ಸರಿ ಪದ್ಧತಿಯ ತರಬೇತಿ ಮುಗಿಸಿದೆ. ಈಗ ಒಂದು ಸಣ್ಣ ಪ್ರಿಸ್ಕೂಲ್ ನೋಡಿಕೊಳ್ಳುತ್ತೇನೆ. ಯಾವ ಮಿಸ್‌ಗೆ ಯಾವ ಕೋರ್ಸು ಸರಿ, ಫೀಸಿನಲ್ಲಿ ಶಾಲೆ ಎಷ್ಟು ಹಾಕಬೇಕು ಅನ್ನುವ ಲೆಕ್ಕವೂ ಈಗ ನನ್ನದೇ.

ಹೋಲಿಸುವಾಗ ನಾನು ನೋಡುವುದು ಎರಡು ವಿಷಯ. ಕೋರ್ಸು ಮುಗಿಸಿದ ಮಿಸ್ ಮಕ್ಕಳ ಜೊತೆ ಇರುವ ರೀತಿ ಬದಲಾಯಿತಾ? ಆ ಸರ್ಟಿಫಿಕೇಟಿಗೆ ಸಂಬಳದಲ್ಲಿ, ಮುಂದಿನ ಕೆಲಸದಲ್ಲಿ ಬೆಲೆ ಸಿಕ್ಕಿತಾ? ಎರಡಕ್ಕೂ ಹೌದು ಅನ್ನಬಹುದಾದ ಕೋರ್ಸು ನನಗಂತೂ ಇನ್ನೂ ಸಿಕ್ಕಿಲ್ಲ.

ಎನ್‌ಟಿಟಿ

ಬೇಗ ಮುಗಿಯುತ್ತದೆ, ಮನೆ ಹತ್ತಿರವೇ ಇರುತ್ತದೆ, ಫೀಸು ಕಂತಿನಲ್ಲಿ ಕಟ್ಟಬಹುದು. ಮದುವೆಯಾಗಿ ಮಗು ಇರುವ ಹೆಣ್ಣುಮಕ್ಕಳು ಇದನ್ನೇ ಆರಿಸಿಕೊಳ್ಳುವುದು ಸುಮ್ನೆ ಅಲ್ಲ. ನಾನು ಕಲಿತ ಕಡೆ ಚಾರ್ಟ್ ಮಾಡುವುದು, ಅಭಿನಯ ಗೀತೆ, ಕಾಗದದ ಕೆಲಸ ಚೆನ್ನಾಗಿ ಹೇಳಿಕೊಟ್ಟರು. ಆ ಹಾಡುಗಳನ್ನು ಇವತ್ತಿಗೂ ಹಾಡಿಸುತ್ತೇನೆ. ಆದರೆ ಪಾಠದ ಅಭ್ಯಾಸ ಅಂದರೆ ನಮ್ಮಲ್ಲೇ ಕೆಲವರು ಮಕ್ಕಳ ಹಾಗೆ ಕೂರುವುದು, ಒಬ್ಬರು ಟೀಚರ್ ಆಗುವುದು. ಮೂರು ವರ್ಷದ ಮಗು ಗೇಟು ಹಿಡಿದುಕೊಂಡು ‘ಅಮ್ಮಾ’ ಅಂತ ಅರ್ಧ ಗಂಟೆ ಅತ್ತರೆ ಏನು ಮಾಡಬೇಕು ಅನ್ನುವುದು ಯಾವ ರೆಕಾರ್ಡ್ ಬುಕ್‌ನಲ್ಲೂ ಇರಲಿಲ್ಲ.

ಇನ್ನೊಂದು ತೊಂದರೆ ಮಾನ್ಯತೆಯದು. ಸರ್ಟಿಫಿಕೇಟಿನ ಮೇಲೆ ದೊಡ್ಡ ಮುದ್ರೆ ಇತ್ತು. ವಿಚಾರಿಸಿದರೆ ಅದು ಟ್ರಸ್ಟಿನ ನೋಂದಣಿ ಅಷ್ಟೇ, ಕೋರ್ಸಿನ ಮಾನ್ಯತೆ ಅಲ್ಲ. ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವುದು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ. ಅದರ ಪಟ್ಟಿಯಲ್ಲಿರುವ ಪೂರ್ವ ಪ್ರಾಥಮಿಕ ಡಿಪ್ಲೊಮಾಗೆ ಡಿಪಿಎಸ್‌ಇ (ಡಿಪ್ಲೊಮಾ ಇನ್ ಪ್ರಿಸ್ಕೂಲ್ ಎಜುಕೇಶನ್) ಅನ್ನುತ್ತಾರೆ. ಅದು 2 ವರ್ಷದ ಕೋರ್ಸು, ಪಿಯುಸಿಯಲ್ಲಿ ಶೇ 50 ಅಂಕ ಬೇಕು. ಕೇಂದ್ರೀಯ ವಿದ್ಯಾಲಯಗಳ ಬಾಲವಾಟಿಕಾ (ಒಂದನೇ ತರಗತಿಗೆ ಮೊದಲಿನ ತರಗತಿ) ಟೀಚರ್ ಹುದ್ದೆಗೂ ಮಾನ್ಯತೆ ಇರುವ ಕನಿಷ್ಠ 2 ವರ್ಷದ ಡಿಪ್ಲೊಮಾ ಕೇಳುತ್ತಾರೆ. ಹಾಗಾಗಿ ಆರು ತಿಂಗಳ ಎನ್‌ಟಿಟಿ ಓಣಿಯ ಖಾಸಗಿ ಶಾಲೆಗೆ ಸಾಕು, ಅದರಾಚೆ ಕಷ್ಟ. ಫೀಸು ಕಟ್ಟುವ ಮೊದಲು ‘ಎನ್‌ಸಿಟಿಇ ಆದೇಶದ ಪ್ರತಿ ತೋರಿಸಿ’ ಅಂತ ಕೇಳಿ. ಅಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಇಗ್ನೊ ಡಿಪ್ಲೊಮಾ

ಡಿಇಸಿಇ ಅಂತ ಕರೆಯುವ, ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಈ ಡಿಪ್ಲೊಮಾಗೆ ಪಿಯುಸಿ ಆಗಿದ್ದರೆ ಸಾಕು. ಕಮ್ಮಿ ಅಂದರೆ ಒಂದು ವರ್ಷ. ಒಟ್ಟು 32 ಕ್ರೆಡಿಟ್. ಇಗ್ನೊ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು, ಅಂದರೆ 960 ಗಂಟೆ. ಕೆಲಸ, ಮನೆ, ಅಡುಗೆ ನಡುವೆ ಇದನ್ನು ಹೊಂದಿಸುವುದು ಹುಡುಗಾಟ ಅಲ್ಲ. ಹೇಳುವವರಿಲ್ಲ, ಕೇಳುವವರಿಲ್ಲ. ಅಸೈನ್‌ಮೆಂಟ್ ಕೊನೆಯ ವಾರಕ್ಕೆ ಬಂದು ನಿಲ್ಲುತ್ತದೆ. ಜೂನ್ ತಪ್ಪಿದರೆ ಡಿಸೆಂಬರ್ ಪರೀಕ್ಷೆ ಇದೆಯಲ್ಲ ಅನ್ನುವ ಸಮಾಧಾನವೇ ಸೋಮಾರಿತನಕ್ಕೆ ದಾರಿ.

ಆದರೂ ಇದರ ಪುಸ್ತಕಗಳನ್ನು ನಾನು ಯಾರಿಗೂ ಕೊಟ್ಟಿಲ್ಲ. ಮಗುವಿನ ಆರೋಗ್ಯ, ಆಹಾರ, ಬೆಳವಣಿಗೆ, ಅಂಗವೈಕಲ್ಯ ಇರುವ ಮಕ್ಕಳು, ಕೇಂದ್ರ ನಡೆಸುವ ಬಗೆ ಎಲ್ಲ ಇದೆ. ಮಗು ಮಾತು ತಡವಾಗಿ ಕಲಿಯುತ್ತಿದ್ದರೆ ‘ಬರುತ್ತೆ ಬಿಡಿ’ ಅನ್ನದೆ, ಕಿವಿ ತೋರಿಸಿದ್ದೀರಾ ಅಂತ ತಾಯಿಯನ್ನು ಕೇಳುವ ಧೈರ್ಯ ನನಗೆ ಬಂದದ್ದು ಇದನ್ನು ಓದಿದ ಮೇಲೆ. ವಿಶ್ವವಿದ್ಯಾಲಯದ ಹೆಸರು ಇರುವುದರಿಂದ ಖಾಸಗಿ ಶಾಲೆಗಳಲ್ಲಿ ಇದಕ್ಕೆ ಎನ್‌ಟಿಟಿಗಿಂತ ಜಾಸ್ತಿ ಮರ್ಯಾದೆ. ಕೈಯ ಕೆಲಸ ಮಾತ್ರ ಕಡಿಮೆ. ಪ್ರಾಜೆಕ್ಟ್ ಇದೆ, ಆದರೆ ನೀವು ಮಗುವಿನ ಜೊತೆ ಮಾತಾಡುವ ರೀತಿ ಹೇಗಿದೆ ಅಂತ ಪಕ್ಕದಲ್ಲಿ ನಿಂತು ತಿದ್ದುವವರು ಯಾರೂ ಇರುವುದಿಲ್ಲ.

ಮಾಂಟೆಸ್ಸರಿ

ಮೊದಲೇ ಒಂದು ಎಚ್ಚರಿಕೆ: ಮಾಂಟೆಸ್ಸರಿ ಅನ್ನುವ ಹೆಸರಿಗೆ ಯಾರ ಹಕ್ಕೂ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು, ಹಾಕುತ್ತಾರೆ ಕೂಡ. ಈ ಪದ್ಧತಿ ರೂಪಿಸಿದ ಇಟಲಿಯ ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ತರಬೇತಿ ಕೊಟ್ಟವರು, ಯುದ್ಧದ ಕಾರಣಕ್ಕೆ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದರು. ಆ ಕಲಿಕೆಯ ಪರಂಪರೆ ಬೆಂಗಳೂರಿನಲ್ಲಿ ಇನ್ನೂ ಗಟ್ಟಿಯಾಗಿದೆ. ಹುಡುಕಿದರೆ ಒಳ್ಳೆಯ ಕಡೆ ಸಿಗುತ್ತದೆ.

ಇಲ್ಲಿ ನಾನು ಮೊದಲು ಕಲಿತದ್ದು ಕೈ ಕಟ್ಟಿಕೊಂಡು ಕೂರುವುದು! ತರಗತಿಯ ಮೂಲೆಯಲ್ಲಿ ಕೂತು ಒಂದು ಮಗುವನ್ನು ನೋಡಬೇಕು. ಮಾತಾಡಬಾರದು, ಸಹಾಯ ಮಾಡಬಾರದು. ಕಂಡದ್ದನ್ನು ಬರೆಯಬೇಕು, ‘ಮಗು ಹಠ ಮಾಡಿತು’ ಅಂತ ಬರೆದರೆ ಕೆಂಪು ಗೆರೆ. ‘ಎರಡು ಸಲ ತಟ್ಟೆ ತಳ್ಳಿತು, ಕಿಟಕಿ ಕಡೆ ನೋಡಿತು’ ಅಂತ ಬರೆಯಬೇಕು. ಹಠ ಅನ್ನುವುದು ನಮ್ಮ ತೀರ್ಪು ಅಲ್ವಾ? ವರ್ಷಗಟ್ಟಲೆ ಪಾಠ ಮಾಡಿದ್ದ ನನಗೆ ಮಕ್ಕಳನ್ನು ಹೀಗೆ ನೋಡೋದು ಹೊಸದು.

ಮರದ ದಿಮ್ಮಿಯ ಗುಂಡಿಗಳಲ್ಲಿ ಉರುಳೆಗಳನ್ನು ಕೂರಿಸುವ ಸಾಮಗ್ರಿ ಒಂದಿದೆ. ಒಂದು ಉರುಳೆಯನ್ನು ತಪ್ಪು ಗುಂಡಿಗೆ ಹಾಕಿದರೆ ಕೊನೆಯಲ್ಲಿ ಒಂದು ಹೊಂದದೆ ಉಳಿಯುತ್ತದೆ. ಟೀಚರ್ ‘ತಪ್ಪು’ ಅನ್ನಬೇಕಾದ್ದೇ ಇಲ್ಲ, ಮಗು ತಾನೇ ನೋಡಿ ತೆಗೆದು ಮತ್ತೆ ಹಾಕುತ್ತದೆ. ಒಂದರ ಮೇಲೊಂದು ಜೋಡಿಸುವ ಗುಲಾಬಿ ಗೋಪುರ ಅನ್ನುವ ಸಾಮಗ್ರಿಯ ಹತ್ತು ಘನಗಳು 1 ಸೆಂ.ಮೀ.ನಿಂದ 10 ಸೆಂ.ಮೀ.ವರೆಗೆ. ಅದನ್ನು ಮಗುವಿಗೆ ತೋರಿಸುವ ಮೊದಲು ನಾವು ಎಷ್ಟೋ ಸಲ ಕಟ್ಟಿ, ಕೈ ಹೇಗೆ ಹಿಡಿಯಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅಂತ ಕಲಿಯಬೇಕು. ಪ್ರತಿಯೊಂದನ್ನೂ ಬರೆದು, ಚಿತ್ರ ಹಾಕಿ ಆಲ್ಬಮ್ ಮಾಡಬೇಕು. ಬೆನ್ನು ಬಿದ್ದುಹೋಗುತ್ತದೆ.

ತರಗತಿಯಲ್ಲಿ ನನ್ನ ದನಿ ಇಳಿದದ್ದು ಈ ತರಬೇತಿಯಿಂದಲೇ. ಆದರೆ ಫೀಸು ಜಾಸ್ತಿ, ಹಗಲಿನ ಕೆಲಸ ಬಿಡಬೇಕು, ಊರಿನಿಂದ ಓಡಾಟ. ಡಿಪ್ಲೊಮಾ ಹಿಡಿದು ಬಂದರೆ ಬೆಂಗಳೂರಿನ ಮಾಂಟೆಸ್ಸರಿ ಶಾಲೆಗಳಲ್ಲಿ ಒಳ್ಳೆ ಸಂಬಳ ಇದೆ. ತುಮಕೂರಿನಲ್ಲಿ, ಸಾಮಗ್ರಿಯೇ ಇಲ್ಲದ ಶಾಲೆಯಲ್ಲಿ, ಆ ಡಿಪ್ಲೊಮಾ ಫ್ರೇಮಿನೊಳಗೆ ಕೂರುತ್ತದೆ.

ಅತ್ತಿಗೆಯ ದಾರಿ

ನಮ್ಮ ಅತ್ತಿಗೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಅವರಿಗೆ ಫೀಸಿಲ್ಲ, ಇಲಾಖೆಯೇ ಕರೆದು ತರಬೇತಿ ಕೊಡುತ್ತದೆ. 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಪೋಷಣ್ ಭೀ ಪಢಾಯಿ ಭೀ’ (ಪೋಷಣೆಯೂ ಓದೂ) ಕಾರ್ಯಕ್ರಮದ ಅಡಿಯಲ್ಲಿ ಮೂರು ದಿನದ ತರಬೇತಿ ಇದೆ. ಅದರ ಜೊತೆಗೆ ಬಂದ ‘ಆಧಾರಶಿಲಾ’ ಪಠ್ಯಕ್ರಮ 48 ವಾರಕ್ಕೆ ಆಟ, ಕಥೆ, ಚಟುವಟಿಕೆ ಜೋಡಿಸಿಕೊಡುತ್ತದೆ. ಆ ಚಟುವಟಿಕೆಗಳನ್ನು ತಂದು ನಮ್ಮ ಎಲ್‌ಕೆಜಿಯಲ್ಲಿ ಮಾಡಿಸಿ ನೋಡಿದೆ. ಬೀಜ, ಎಲೆ, ಬಾಟಲಿ ಮುಚ್ಚಳ ಸಾಕು. ನಾವು ದುಡ್ಡು ಕೊಟ್ಟು ತರಿಸಿದ ವರ್ಕ್‌ಶೀಟಿಗಿಂತ ಇದೇ ಮೇಲು ಅಂತ ಮಿಸ್‌ಗಳೇ ಹೇಳಿದರು.

‘ತರಬೇತಿ ಚೆನ್ನಾಗಿತ್ತಾ ಅತ್ತಿಗೆ?’ ಅಂದರೆ, ‘ಚೆನ್ನಾಗೇ ಇತ್ತು ಕಣಮ್ಮ. ಆದ್ರೆ ತೂಕ ಮಾಡೋದು, ಮೊಬೈಲಿಗೆ ಹಾಕೋದು, ಬಾಣಂತಿ ಮನೆಗೆ ಹೋಗೋದು ಎಲ್ಲಾ ಮುಗಿದ ಮೇಲೆ ಕಥೆ ಹೇಳಕ್ಕೆ ಯಾವಾಗ ಟೈಮು ಹೇಳು’ ಅಂದರು. ಮೂರು ದಿನದ ತರಬೇತಿಯಿಂದ ಈ ಹೊರೆ ಇಳಿಯುವುದಿಲ್ಲ.

ಕೆಲಸದಲ್ಲಿ ಮೇಲೇರುವ ವಿಷಯದಲ್ಲಿ ಮಾತ್ರ ಅವರ ದಾರಿ ನಮ್ಮದಕ್ಕಿಂತ ಸ್ಪಷ್ಟ. 2022ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಮೇಲ್ವಿಚಾರಕಿ ಹುದ್ದೆಗಳಲ್ಲಿ ಶೇ 50ರಷ್ಟನ್ನು 5 ವರ್ಷ ಅನುಭವ ಇರುವ ಕಾರ್ಯಕರ್ತೆಯರಿಗೇ ಬಡ್ತಿಯಾಗಿ ಕೊಡಬೇಕು. ಅದೇ ವರ್ಷ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಗ್ರಾಚ್ಯುಟಿ ಹಕ್ಕಿದೆ ಅಂತ ಹೇಳಿತು. ಗೌರವಧನ ಕಡಿಮೆ, ಹೋರಾಟ ಮಾಡಿಯೇ ಪಡೆಯಬೇಕು, ನಿಜ. ಖಾಸಗಿ ಪ್ರಿಸ್ಕೂಲಿನ ಮಿಸ್‌ಗೆ ಏಣಿಯೇ ಇಲ್ಲ. ಹತ್ತು ವರ್ಷ ಆದರೂ ಅವರು ಮಿಸ್ಸೇ.

ಹಾಗಾದರೆ ಯಾರಿಗೆ ಯಾವುದು? ಸರ್ಕಾರಿ ಹುದ್ದೆಯ ಆಸೆ ಇದ್ದರೆ 2 ವರ್ಷದ ಮಾನ್ಯ ಡಿಪ್ಲೊಮಾ ಬಿಟ್ಟು ಬೇರೆ ಕಡೆ ದುಡ್ಡು ಹಾಕಬೇಡಿ. ಕೆಲಸ ಬಿಡಲಾಗದವರಿಗೆ ಇಗ್ನೊ. ಬೆಂಗಳೂರಿಗೆ ಹೋಗುವ ಯೋಚನೆ ಇರುವವರಿಗೆ, ಒಂದು ವರ್ಷ ಸಂಬಳವಿಲ್ಲದೆ ನಡೆಯುವವರಿಗೆ ಮಾಂಟೆಸ್ಸರಿ. ಎನ್‌ಟಿಟಿಗೆ ನಮ್ಮ ಶಾಲೆಯಿಂದ ದುಡ್ಡು ಕೊಡುವುದನ್ನು ನಿಲ್ಲಿಸಿದ್ದೇನೆ.

ಕಲಿಸಿದರೆ ಬಿಟ್ಟು ಹೋಗುತ್ತಾರೆ ಅನ್ನುವ ಮಾತು ನಮ್ಮ ಆಡಳಿತದವರಿಂದಲೂ ಬಂತು. ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳುವ ಶಾಲೆಗಳಿವೆ, ನನಗದು ಸರಿ ಅನ್ನಿಸುವುದಿಲ್ಲ. ನಾವು ಮಾಡಿಕೊಂಡದ್ದು ಇಷ್ಟು: ಇಗ್ನೊ ಫೀಸಿನಲ್ಲಿ ಅರ್ಧ ಶಾಲೆಯದು, ಪರೀಕ್ಷೆಗೆ ಸಂಬಳ ಸಹಿತ ರಜೆ, ಪಾಸಾದ ತಿಂಗಳಿನಿಂದಲೇ ಸಂಬಳ ಏರಿಕೆ. ಶನಿವಾರ ಮಧ್ಯಾಹ್ನ ಒಬ್ಬರ ತರಗತಿಯ ವಿಡಿಯೊ ಹಾಕಿಕೊಂಡು ಎಲ್ಲರೂ ಕೂತು ಮಾತಾಡುತ್ತೇವೆ. ಇಗ್ನೊದಲ್ಲಿ ಇಲ್ಲದ ‘ಪಕ್ಕದಲ್ಲಿ ನಿಂತು ತಿದ್ದುವವರು’ ಇದರಿಂದ ಸ್ವಲ್ಪ ಸಿಗುತ್ತಾರೆ. ಇದಕ್ಕೆ ಸರ್ಟಿಫಿಕೇಟ್ ಇಲ್ಲದ್ದರಿಂದ ಬಿಟ್ಟು ಹೋಗುವವರ ಅನುಭವ ಪತ್ರದಲ್ಲಿ ಏನೇನು ಬರುತ್ತದೆ ಅಂತ ಬಿಡಿಸಿ ಬರೆದುಕೊಡುತ್ತೇನೆ. ಇಗ್ನೊ ಪ್ರವೇಶ ಜನವರಿ, ಜುಲೈ ಎರಡು ಸಲ ಇರುತ್ತದೆ. ಬರುವ ಜುಲೈಗೆ ಯುಕೆಜಿ ಮಿಸ್ ಸೇರುತ್ತಿದ್ದಾರೆ. ನರ್ಸರಿ ಮಿಸ್‌ಗೆ ಗಂಡನ ಮನೆಯವರನ್ನು ಒಪ್ಪಿಸುವುದು ಇನ್ನೂ ಬಾಕಿ ಇದೆ.